ಬಾಟಲಿಯ ನೆಕ್ಕು

ನಾನು ‘ಬಾಟಲ್‌ನೆಕ್’ ಎಂದೆ. ಗಲ್ಲಾದಲ್ಲಿ ಕೂತು ಹತ್ತರ ನೋಟುಗಳನ್ನು ಗಾಂಧೀಜಿಯ ಮುಖ ಒಂದೇ ಕಡೆ ಬರುವಂತೆ ಜೋಡಿಸುತ್ತಿದ್ದ ಮಾವ ಕೈ ನಿಲ್ಲಿಸಿದರು. “ಬಾಟಲಿ ನೆಕ್ಕುವುದಾ? ನಮ್ಮ ಹೋಟೆಲಿನಲ್ಲಿ ಬಾಟಲಿ ಅಂತ ಇರುವುದು ಟೊಮೆಟೊ ಸಾಸಿನದ್ದು ಒಂದೇ. ಅದನ್ನು ಯಾರು ನೆಕ್ಕಿದರು ಮಾರಾಯ?” ಎಂದು ನಿಜವಾದ ಗಾಬರಿಯಿಂದಲೇ ಕೇಳಿದರು.

ತಪ್ಪು ನನ್ನದೇ. ವಿಕ್ರೋಲಿ ಕಡೆಯ ಒಂದು ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿ ಇಪ್ಪತ್ತು ವರ್ಷ ಕುರ್ಚಿ ಸವೆಸಿದವನು ನಾನು. ಅಲ್ಲಿ ಆ ಶಬ್ದ ಊಟದ ಉಪ್ಪಿನಕಾಯಿಯಿದ್ದ ಹಾಗೆ, ದಿನಕ್ಕೆ ನಾಲ್ಕು ಸಲ ಬಾಯಿಗೆ ಬರುತ್ತಿತ್ತು. ಕನ್ನಡದಲ್ಲಿ ಅದಕ್ಕೆ ಏನನ್ನಬೇಕೆಂದು ಒಂದು ದಿನವೂ ಯೋಚಿಸಿರಲಿಲ್ಲ. ಪತ್ರಿಕೆಯವರು ‘ಅಡಚಣೆ’ ಎಂದು ಬರೆಯುತ್ತಾರೆ. ಆದರೆ ಅಡಚಣೆಯೆಂದರೆ ಮಳೆಯೂ ಆದೀತು, ಮದುವೆಯೂ ಆದೀತು, ಪಕ್ಕದ ಮನೆಯವರೂ ಆದೀತು. ಇದು ಹಾಗಲ್ಲ. ಬಾಟಲಿಯ ಹೊಟ್ಟೆ ಎಷ್ಟೇ ದೊಡ್ಡದಿರಲಿ, ಬಗ್ಗಿಸಿದಾಗ ಎಷ್ಟು ಬೇಗ ಸುರಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಅದರ ಕುತ್ತಿಗೆ. ಕೆಲಸವೂ ಹಾಗೆಯೇ. ಹತ್ತು ಕೈ ಸೇರಿ ಮಾಡುವ ಕೆಲಸದಲ್ಲಿ ಒಂದು ಕೈ ಎಲ್ಲಕ್ಕಿಂತ ನಿಧಾನ, ಉಳಿದ ಒಂಬತ್ತು ಎಷ್ಟು ಹಾರಾಡಿದರೂ ಕೊನೆಗೆ ಆ ಒಂದರ ವೇಗವೇ ಎಲ್ಲರ ವೇಗ. ಇಷ್ಟನ್ನು ನಾನು ಕೈಸನ್ನೆ ಸಮೇತ ವಿವರಿಸಿದ ಮೇಲೆ ಮಾವ, “ಹಾಗಾದರೆ ಗಿಂಡಿ ಅನ್ನು. ಹೊಟ್ಟೆ ದೊಡ್ಡದು, ಮೂತಿ ಸಪೂರ. ಇದಕ್ಕೆ ನೀನು ಇಂಗ್ಲಿಷಿನಲ್ಲಿ ಯಾಕೆ ನೆಕ್ಕಿದ್ದು?” ಎಂದು ಮತ್ತೆ ನೋಟು ಜೋಡಿಸತೊಡಗಿದರು.

ಹೋಟೆಲು ಭಾಂಡುಪ್ ಪಶ್ಚಿಮದಲ್ಲಿ, ಸ್ಟೇಷನ್ನಿನಿಂದ ಎಲ್‌ಬಿಎಸ್ ಮಾರ್ಗದ ಕಡೆಗೆ ಹೋಗುವ ದಾರಿಯಲ್ಲಿತ್ತು. ಹನ್ನೊಂದು ಮೇಜು, ಒಂದೊಂದಕ್ಕೆ ನಾಲ್ಕು ಕುರ್ಚಿ, ಗೋಡೆಗೆ ಉಡುಪಿ ಕೃಷ್ಣ, ಅವನ ಪಕ್ಕ ಸಿದ್ಧಿವಿನಾಯಕ, ಇಬ್ಬರಿಗೂ ಸೇರಿ ಒಂದೇ ಮಿಣಮಿಣ ದೀಪದ ಸರ. ಅರ್ಧ ಮುಂಬಯಿಗೆ ನೀರು ಶುದ್ಧಮಾಡಿ ಕಳಿಸುವ ಪಾಲಿಕೆಯ ದೊಡ್ಡ ಕಾಂಪ್ಲೆಕ್ಸ್ ಇರುವುದು ಇದೇ ಭಾಂಡುಪಿನಲ್ಲಿ. ಮಾವನ ಹೋಟೆಲಿನ ಪಾತ್ರೆ ತೊಳೆಯುವ ಮೋರಿಗೆ ಮಾತ್ರ ಇದ್ದದ್ದು ಒಂದೇ ನಲ್ಲಿ. ದೀಪದ ಬುಡ ಕತ್ತಲೆಂಬುದಕ್ಕೆ ನೀರಿನ ಉದಾಹರಣೆ ಬೇಕಾದವರು ಅಲ್ಲಿಗೆ ಹೋಗಬಹುದಿತ್ತು.

ದೂರು ಏನೆಂದರೆ, ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಹೋಟೆಲು ಕೈಕೊಡುತ್ತಿತ್ತು. ಏಳರಿಂದ ಎಂಟರವರೆಗೆ ಗಾಡಿ ಸರಾಗ. ಎಂಟೂವರೆಗೆ ಏನೋ ಆಗಿ, ಕೂತವರು ಏಳುವುದಿಲ್ಲ, ನಿಂತವರು ಕೂರುವುದಿಲ್ಲ, ದೋಸೆ ಬರುವುದಿಲ್ಲ, ಬಂದರೆ ತಣ್ಣಗೆ. ಒಂಬತ್ತು ಹತ್ತರ ಸ್ಲೋ ಲೋಕಲ್ ಹಿಡಿಯಬೇಕಾದವರು ಎರಡು ನಿಮಿಷ ಗಡಿಯಾರ ನೋಡಿ, “ರೆಹನೇ ದೋ ಅಣ್ಣಾ” ಎಂದು ಎದ್ದು ಹೋಗಿ ಎದುರಿನ ಟಪರಿಯಲ್ಲಿ ವಡಾಪಾವ್ ತಿನ್ನುತ್ತಿದ್ದರು. ಉಡುಪಿ ಹೋಟೆಲಿನ ಕಣ್ಣೆದುರೇ ವಡಾಪಾವ್! ಮಾವನಿಗೆ ನಷ್ಟಕ್ಕಿಂತ ಅದೇ ದೊಡ್ಡ ಸಂಕಟ.

ಕಾರಣ ಎಲ್ಲರಿಗೂ ಗೊತ್ತಿತ್ತು, ಒಬ್ಬೊಬ್ಬರಿಗೆ ಒಂದೊಂದು. ದೋಸೆ ಭಟ್ಟರ ಪ್ರಕಾರ ಸಪ್ಲಯರುಗಳು ಸೋಮಾರಿಗಳು. ಸಪ್ಲಯರುಗಳ ಪ್ರಕಾರ ಭಟ್ಟರ ಕೈ ನಿಧಾನ, ಮೊಬೈಲು ಬಂದ ಮೇಲೆ ಇನ್ನೂ ನಿಧಾನ. ಚಾ ಮಾಡುವವನ ಪ್ರಕಾರ ಹಾಲು ಸರಿಯಿಲ್ಲ. ಇದಕ್ಕೂ ದೋಸೆಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಅವನು ಯಾವ ವಿಷಯಕ್ಕೂ ಹಾಲನ್ನೇ ತರುತ್ತಿದ್ದ. ಮನೆಯಲ್ಲಿ ಅತ್ತೆ, ದೃಷ್ಟಿ ಎಂದರು. ನಿಂಬೆಹಣ್ಣು ಕಟ್ಟಿದ್ದೂ ಆಯಿತು.

ನಾನು ಇದರೊಳಗೆ ತಲೆ ಹಾಕಲು ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತ್ ಕಾರಣ. ಅಲ್ಲಿ ಹಳೆ ಪುಸ್ತಕ ಮಾರುವವರ ಹತ್ತಿರ ‘ದಿ ಗೋಲ್’ ಸಿಕ್ಕಿತು. ಎಲಿಯಾಹು ಗೋಲ್ಡ್‌ರಾಟ್ ಎಂಬ ಇಸ್ರೇಲಿ ಭೌತಶಾಸ್ತ್ರಿ, ಜೆಫ್ ಕಾಕ್ಸ್ ಎಂಬವರ ಜತೆ 1984ರಲ್ಲಿ ಬರೆದದ್ದು. ಕಾರ್ಖಾನೆ ಸುಧಾರಿಸುವ ಪಾಠವನ್ನು ಕಾದಂಬರಿ ಮಾಡಿಬಿಟ್ಟಿದ್ದಾನೆ ಪುಣ್ಯಾತ್ಮ. ನಾಯಕ ಒಂದು ಫ್ಯಾಕ್ಟರಿಯ ಮ್ಯಾನೇಜರು, ಫ್ಯಾಕ್ಟರಿ ಮುಚ್ಚುವ ಹಂತದಲ್ಲಿದೆ, ಮನೆಯಲ್ಲಿ ಹೆಂಡತಿ ಮುನಿಸಿಕೊಂಡಿದ್ದಾಳೆ. ನಡುವೆ ಅವನು ಸ್ಕೌಟ್ ಹುಡುಗರನ್ನು ಸಾಲಾಗಿ ಕಾಡಿನ ದಾರಿಯಲ್ಲಿ ನಡೆಸಿಕೊಂಡು ಹೋಗುವ ಪ್ರಸಂಗ ಬರುತ್ತದೆ. ಹರ್ಬಿ ಎಂಬ ದಪ್ಪ ಹುಡುಗ ನಿಧಾನ. ಮುಂದಿನವರು ಓಡುತ್ತಾರೆ, ಹಿಂದಿನವರು ಅವನ ಬೆನ್ನಿಗೆ ಡಿಕ್ಕಿ ಹೊಡೆಯುತ್ತಾರೆ, ಸಾಲು ರಬ್ಬರಿನ ಹಾಗೆ ಉದ್ದವಾಗುತ್ತದೆ. ಎಲ್ಲರೂ ಸೇರಿ ಮುಟ್ಟುವ ಹೊತ್ತು ಹರ್ಬಿ ಮುಟ್ಟುವ ಹೊತ್ತೇ. ಕಡೆಗೆ ಮ್ಯಾನೇಜರು ಅವನನ್ನು ಸಾಲಿನ ಮುಂದಕ್ಕೆ ತಂದು, ಅವನ ಬ್ಯಾಗು ಬಿಚ್ಚಿಸುತ್ತಾನೆ. ನೋಡಿದರೆ ಒಳಗೆ ಡಬ್ಬಿಗಳು, ಸಲಿಕೆ, ಕಬ್ಬಿಣದ ಕಾವಲಿ! ಅದನ್ನೆಲ್ಲ ಉಳಿದವರಿಗೆ ಹಂಚಿದ ಮೇಲೆ ಹುಡುಗ ನಡೆಯುತ್ತಾನೆ, ಸಾಲೂ ನಡೆಯುತ್ತದೆ. ಆ ಕಾವಲಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ನಾನು ಇಡಲಿಲ್ಲ.

ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅಂದೇ ಮಾಟುಂಗಾ ಸ್ಟೇಷನ್ನಿನ ಪಕ್ಕ ಊಟಕ್ಕೆ ಹೋದೆ. ಮಾರ್ಕೆಟ್ ಕಟ್ಟಡದ ಮಹಡಿಯಲ್ಲಿರುವ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಕರಾವಳಿಯಿಂದ ಬಂದ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ್ದು. ಜನ ಈಗಲೂ ‘ರಾಮ ನಾಯಕ್’ ಎಂದೇ ಕರೆಯುತ್ತಾರೆ. ಅಲ್ಲಿ ಮೊದಲು ದುಡ್ಡು ಕೊಟ್ಟು ಕೂಪನ್ ತೆಗೆದುಕೊಳ್ಳಬೇಕು, ಕರೆಯುವವರೆಗೆ ಕಾಯಬೇಕು. ಎಷ್ಟೋ ವರ್ಷಗಳಿಂದ ಹಾಗೆ ಕಾದವನಿಗೆ ಅಂದು ಮೊದಲ ಸಲ ಅದರ ಒಳಗುಟ್ಟು ಕಂಡಿತು. ಏನು ತಿನ್ನುತ್ತೀರಿ ಎಂದು ಮೇಜಿಗೆ ಬಂದು ಕೇಳುವ ಗೋಜಿಲ್ಲ. ಊಟ ಇಂಥದ್ದೇ ಎಂದು ನಿಶ್ಚಯವಾಗಿದೆ. ಬಿಲ್ಲು ಬರೆಯುವುದು, ಚಿಲ್ಲರೆ ಹುಡುಕುವುದು ಎಲ್ಲ ಬಾಗಿಲಲ್ಲೇ ಮುಗಿದಿರುತ್ತದೆ. ಕಾಯುವುದೇನಿದ್ದರೂ ಹೊರಗೆ, ಒಳಗೆ ಹೋಗಿ ಎಲೆಯ ಮುಂದೆ ಕೂತವನಿಗೆ ಕಾಯುವ ಕೆಲಸವೇ ಇಲ್ಲ, ಉಣ್ಣುವುದೊಂದೇ. ಗಿಂಡಿಯ ಮೂತಿ ಎಲ್ಲಿರಬೇಕೆಂದು ತಾವೇ ನೋಡಿ ಬಾಗಿಲಿಗೆ ಇಟ್ಟುಕೊಂಡಿದ್ದಾರೆ! ಸಾರು ಬಡಿಸಲು ಬಂದವರು ನಾನು ನಗುತ್ತಿರುವುದನ್ನು ನೋಡಿ ಇನ್ನೊಂದು ಸೌಟು ಹಾಕಿದರು.

ಆ ಸಾರಿನ ಹುರುಪಿನಲ್ಲೇ ನಾನು ಮಾವನಿಗೆ ‘ಬಾಟಲ್‌ನೆಕ್’ ಎಂದದ್ದು. ಎರಡು ದಿನ ರಜೆ ಹಾಕಿ, ನೋಟುಬುಕ್ಕು ಹಿಡಿದು ಮೂರನೇ ಮೇಜಿನಲ್ಲಿ ಕೂತೆ. ಆ ಮೇಜಿಗೆ ಬೇರೆ ವಾರಸುದಾರರಿದ್ದರು. ಅವರ ವಿಷಯ ಆಮೇಲೆ.

ಲೆಕ್ಕ ಸುಲಭದ್ದು. 1961ರಲ್ಲಿ ಜಾನ್ ಲಿಟ್ಲ್ ಎಂಬ ಅಮೆರಿಕದ ವಿದ್ವಾಂಸ ಗಣಿತದಲ್ಲಿ ಸಾಧಿಸಿ ತೋರಿಸಿದ ಒಂದು ನಿಯಮವಿದೆ. ಒಳಗಿರುವ ಜನರ ಸಂಖ್ಯೆಯನ್ನು ಒಬ್ಬೊಬ್ಬರು ಒಳಗೆ ಕಳೆಯುವ ಹೊತ್ತಿನಿಂದ ಭಾಗಿಸಿದರೆ, ಎಷ್ಟು ಜನ ಬಂದು ಹೋಗುತ್ತಿದ್ದಾರೆಂಬ ಲೆಕ್ಕ ಸಿಗುತ್ತದೆ. ನಲವತ್ತನಾಲ್ಕು ಕುರ್ಚಿ. ಒಬ್ಬ ಗಿರಾಕಿ 22 ನಿಮಿಷಕ್ಕೆ ಎದ್ದರೆ ಗಂಟೆಗೆ 120 ಜನ. ಮೂವತ್ತಮೂರು ನಿಮಿಷ ಹಿಡಿದರೆ 80. ಎಂಟೂವರೆಗೆ ಮಾವನ ಹೋಟೆಲಿನಲ್ಲಿ ಮೂವತ್ತಮೂರೇ ಆಗುತ್ತಿತ್ತು. ಗಂಟೆಗೆ 40 ದೋಸೆ ಎದುರಿನ ಟಪರಿಗೆ ಸೇರುತ್ತಿತ್ತೆಂದು ಹೇಳಿದಾಗ ಮಾವ ಎದೆ ಹಿಡಿದುಕೊಂಡರು.

ಎಲ್ಲಿ ನಿಲ್ಲುತ್ತಿದೆ? ಕಣ್ಣಿಗೆ ಕಂಡದ್ದು ಕಾವಲಿ. ಭಟ್ಟರ ಹಿಂದೆ ಸಪ್ಲಯರುಗಳು ಸಾಲು ನಿಂತು “ಎರಡು ಮಸಾಲೆ, ಒಂದು ಸಾದಾ” ಎಂದು ಕೂಗುತ್ತಿದ್ದರು. ಸಾಲು ಎಲ್ಲಿ ಬೆಳೆಯುತ್ತದೋ ಕುತ್ತಿಗೆ ಅಲ್ಲೇ ಎಂದು ಪುಸ್ತಕವೂ ಹೇಳುತ್ತದೆ. ಇನ್ನೊಂದು ಕಾವಲಿ, ಇನ್ನೊಂದು ಭಟ್ಟಿ, ಅದಕ್ಕೊಬ್ಬ ಹುಡುಗ ಬೇಕೆಂದು ನಾನು ತೀರ್ಪು ಕೊಟ್ಟೆ. ಜಾಗ? ವಾಟಿ ಜೋಡಿಸುವ ಸ್ಟ್ಯಾಂಡನ್ನು ತೆಗೆದು ಮೋರಿಯ ಮೂಲೆಗೆ ತಳ್ಳಿದರಾಯಿತು. (ಊರಿನಲ್ಲಿ ಬಟ್ಟಲು ಎನ್ನುವುದಕ್ಕೆ ಇಲ್ಲಿ ವಾಟಿ. ಮರಾಠಿಯಿಂದ ಬಂದದ್ದು, ವಾಪಸು ಕೊಡುವ ವಿಚಾರ ಯಾರಿಗೂ ಇಲ್ಲ.) ಎರಡು ಕಾವಲಿಯ ಹೊಗೆಗೆ ಒಂದು ಎಕ್ಸಾಸ್ಟ್ ಫ್ಯಾನೂ ಬಂತು. ಬಲು ಗಟ್ಟಿ ಫ್ಯಾನು. ಹಾಕಿದರೆ ಗೋಡೆಯ ಕೃಷ್ಣನ ಚೌಕಟ್ಟು ಸಣ್ಣಗೆ ನಡುಗುತ್ತಿತ್ತು.

ಹದಿನೈದು ದಿನ ಬಿಟ್ಟು ಹೋದೆ. ಕಟ್ಟೆಯ ಮೇಲೆ ಹದಿನೇಳು ದೋಸೆ ಸಾಲಾಗಿ ಮಲಗಿದ್ದವು. ಒಯ್ಯುವವರಿಲ್ಲ. ಮೊದಲು ದೋಸೆಗಾಗಿ ಜನ ಕಾಯುತ್ತಿದ್ದರು, ಈಗ ಜನರಿಗಾಗಿ ದೋಸೆ ಕಾಯುತ್ತಿತ್ತು. ತಣ್ಣಗಾದದ್ದನ್ನು ಗಿರಾಕಿ ತಿರುಗಿಸುತ್ತಾನೆ, ಭಟ್ಟರು ಗೊಣಗುತ್ತ ಇನ್ನೊಂದು ಹೊಯ್ಯುತ್ತಾರೆ. ಮಾವ ಒಂದು ಮಾತೂ ಆಡಲಿಲ್ಲ. ನನಗೆ ಚಾ ತರಿಸಿದರು. ಚಾ ಬರಲು ಇಪ್ಪತ್ತು ನಿಮಿಷವಾಯಿತು.

ಆ ಇಪ್ಪತ್ತು ನಿಮಿಷದಲ್ಲಿ ಮಾವ ತಮ್ಮ ಕಥೆ ಹೇಳಿದರು. ಅರವತ್ತರ ದಶಕದಲ್ಲಿ ಹದಿಮೂರರ ಹುಡುಗನಾಗಿ ಫೋರ್ಟಿನ ಹೋಟೆಲಿಗೆ ಬಂದದ್ದು, ಮೊದಲು ಕೊಟ್ಟ ಕೆಲಸ ಮೋರಿಯಲ್ಲಿ ಬಸಿ ತೊಳೆಯುವುದು, ರಾತ್ರಿ ಕನ್ನಡ ಶಾಲೆ. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘದವರು ಇಂಥ ಹುಡುಗರಿಗಾಗಿಯೇ ರಾತ್ರಿ ಶಾಲೆಗಳನ್ನು ನಡೆಸುತ್ತಿದ್ದ ಕಾಲ ಅದು. ಪಾಠ ಕಲಿಯುವಾಗ ಬೆರಳಿನ ತುದಿ ನೀರಿನಲ್ಲಿ ನೆನೆದು ಬೆಳ್ಳಗಾಗಿರುತ್ತಿತ್ತಂತೆ, ಸೀಸಕಡ್ಡಿ ಜಾರುತ್ತಿತ್ತಂತೆ. “ಆಗ ನಿನ್ನ ನೆಕ್ಕು ಒರಳಿನಲ್ಲಿ ಇದ್ದದ್ದು” ಎಂದರು. ಇಬ್ಬರು ಗಟ್ಟಿ ಆಳುಗಳು ಮಧ್ಯಾಹ್ನದಿಂದ ರುಬ್ಬುತ್ತಿದ್ದರು. ಅವರ ರಟ್ಟೆ ಎಷ್ಟು ಹಿಟ್ಟು ಕೊಟ್ಟಿತೋ ಮರುದಿನ ಅಷ್ಟೇ ದೋಸೆ. ಹಿಟ್ಟು ಮುಗಿದರೆ ಮಾಲಕರು ಸ್ವತಃ ಬಂದು ಕೈಮುಗಿದರೂ ದೋಸೆ ಇಲ್ಲ. 1950ರ ದಶಕದಲ್ಲಿ ಕೊಯಮತ್ತೂರಿನ ಪಿ. ಸಭಾಪತಿಯವರು ಒರಳಿಗೆ ಮೋಟಾರು ಕೂಡಿಸಿ ಗ್ರೈಂಡರ್ ಮಾಡಿದರು. ಅದು ಮಾವನ ಹೋಟೆಲಿಗೆ ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಗ್ರೈಂಡರ್ ಬಂದ ಮರುದಿನವೇ ಹಿಟ್ಟು ಬಕೆಟ್‌ಗಟ್ಟಲೆ, ಕಾವಲಿ ಸಾಲದು! ರುಬ್ಬುವ ಇಬ್ಬರಲ್ಲಿ ಒಬ್ಬ ಭಟ್ಟನಾದ, ಇನ್ನೊಬ್ಬ ಊರಿಗೆ ಹೋಗಿ ಗದ್ದೆ ಮಾಡಿದ.

ಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ರವೆ ಇಡ್ಲಿ ಮಾಡಿದ ಕಥೆಯನ್ನು ನಾನು ಈ ಸಂದರ್ಭಕ್ಕೆ ಹೇಳಹೊರಟೆ. ಮಾವ ಕೈ ಎತ್ತಿ ತಡೆದರು. “ಒಂದು ನಿಮಿಷ. ನಾನು ಮೋರಿಯಲ್ಲಿ ಇದ್ದಾಗ ಗಲ್ಲಾದಲ್ಲಿ ಕೂತ ಮಾಲಕರು ತಲೆ ಎತ್ತದೆಯೇ ‘ಏ, ಕೈ ಯಾಕೆ ನಿಂತಿತು?’ ಅಂತ ಕೂಗುತ್ತಿದ್ದರು. ಹೇಗೆ ಗೊತ್ತಾಗುತ್ತದೆ ಅಂತ ನನಗೆ ಆಶ್ಚರ್ಯ. ಮತ್ತೆ ನಾನು ಗಲ್ಲಾದಲ್ಲಿ ಕೂತ ಮೇಲೆ ಗೊತ್ತಾಯಿತು. ಶಬ್ದ! ಬಸಿಗೆ ಬಸಿ ತಾಗುವ ಶಬ್ದ. ಅದು ನಿಂತರೆ ಹೋಟೆಲು ನಿಂತಿತು.” ಇಷ್ಟು ಹೇಳಿದವರು ಸುಮ್ಮನಾಗಿ ಕಿವಿ ಕೊಟ್ಟರು. ಫ್ಯಾನು ಭೋರೆನ್ನುತ್ತಿತ್ತು. “ನಿನ್ನ ಫ್ಯಾನು ಬಂದ ಮೇಲೆ ನನಗೆ ಮೋರಿಯೇ ಕೇಳುವುದಿಲ್ಲ ಮಾರಾಯ. ಅದಕ್ಕೆ ಮೊದಲು ಮಿಕ್ಸರ್ ಬಂದಿತ್ತು, ಆಗಲೂ ಅರ್ಧ ಕಿವುಡಾಗಿತ್ತು.”

ಇಬ್ಬರೂ ಎದ್ದು ಹೋಗಿ ನೋಡಿದೆವು. ಮೋರಿಯಲ್ಲಿ ನಲ್ಲಿ ಸಣ್ಣಗೆ ಹರಿಯುತ್ತಿತ್ತು. ವಾಟಿಗಳ ಗುಡ್ಡ ಬಿದ್ದಿತ್ತು, ತಳದಲ್ಲಿ ಸಾಂಬಾರಿನ ಕರಿಬೇವು ಅಂಟಿಕೊಂಡಿತ್ತು. ಕ್ಲೀನರ್ ಹುಡುಗ ಮಾತ್ರ ಇಲ್ಲ. ಎಲ್ಲಿ? ಎಂಟೂಹತ್ತಕ್ಕೆ ಚಾದ ಕೆಟ್ಲಿ ಹಿಡಿದು ಅಂಗಡಿಗಳಿಗೆ ಕಟಿಂಗ್ ಕೊಡಲು ಹೋಗಿದ್ದಾನೆ. ಸ್ಟೇಷನರಿ ಅಂಗಡಿ, ಝೆರಾಕ್ಸ್, ಮೆಡಿಕಲ್, ರಿಕ್ಷಾ ಸ್ಟ್ಯಾಂಡು. ಬರುವಾಗ ಚಿಲ್ಲರೆಯನ್ನೂ ತರಬೇಕು. ಬಂದ ಮೇಲೆ ನೆಲಕ್ಕೆ ಫಿನೈಲು. ಹರ್ಬಿಯ ಬ್ಯಾಗು ಬಿಚ್ಚಿದ ಹಾಗಾಯಿತು.

ನೋಟುಬುಕ್ಕು ಈಗ ನಿಜವಾಗಿ ಉಪಯೋಗಕ್ಕೆ ಬಂತು. ಹೋಟೆಲಿನಲ್ಲಿ ಇದ್ದದ್ದು 160 ವಾಟಿ. ಒಬ್ಬನಿಗೆ ಎರಡು, ಸಾಂಬಾರಿಗೊಂದು, ಚಟ್ನಿಗೊಂದು. ಹೋಟೆಲು ತುಂಬಿದಾಗ 88 ಮೇಜಿನ ಮೇಲೆ. ಉಳಿದದ್ದು 72. ಗಂಟೆಗೆ ನೂರು ಜನರೆಂದರೆ ಇನ್ನೂರು ವಾಟಿ ಬೇಕು. ತೊಳೆಯುವ ಕೈ ನಿಂತ ಇಪ್ಪತ್ತೊಂದನೇ ನಿಮಿಷಕ್ಕೆ ಸ್ಟ್ಯಾಂಡು ಖಾಲಿ. ಹುಡುಗ ಎಂಟೂಹತ್ತಕ್ಕೆ ಹೊರಟರೆ ಎಂಟು ಮೂವತ್ತೊಂದು! ಲೋಕಲ್ ಟ್ರೇನಿಗೂ ಇಷ್ಟು ಸಮಯಪ್ರಜ್ಞೆ ಇರಲಿಕ್ಕಿಲ್ಲ. ವಾಟಿ ಇಲ್ಲದೆ ದೋಸೆಯನ್ನು ಒಯ್ಯುವಂತಿಲ್ಲ, ಒಯ್ಯದ ದೋಸೆ ತಣ್ಣಗಾಗುತ್ತದೆ, ತಣ್ಣಗಾದದ್ದು ತಿರುಗಿ ಬರುತ್ತದೆ, ಭಟ್ಟರು ಎರಡೆರಡು ಸಲ ಹೊಯ್ಯುತ್ತಾರೆ, ಸಾಲು ಕಾವಲಿಯ ಮುಂದೆ ಬೆಳೆಯುತ್ತದೆ. ಕಳ್ಳ ಮೋರಿಯಲ್ಲಿ, ನಾನು ಹಿಡಿದದ್ದು ಭಟ್ಟರನ್ನು. ಭಟ್ಟರು ಆಮೇಲೆ ಒಂದು ತಿಂಗಳು ನನಗೆ ಮಸಾಲೆ ದೋಸೆಯಲ್ಲಿ ಆಲೂಗಡ್ಡೆ ಕಡಿಮೆ ಹಾಕಿದರು.

ಮದ್ದು ಅಗ್ಗದ್ದು. ಇನ್ನು ನೂರು ವಾಟಿ, ಹಳೆ ಜಾಗಕ್ಕೆ ಹಳೆ ಸ್ಟ್ಯಾಂಡು. ಎರಡನೇ ಕಾವಲಿ ಅಟ್ಟ ಸೇರಿತು. ಆದರೆ ಕೆಟ್ಲಿ ಯಾರು ಒಯ್ಯುವುದು? ಕಟಿಂಗ್ ನಿಲ್ಲಿಸಿ ಎಂದೆ. ಮಾವ ಒಪ್ಪಲಿಲ್ಲ. “ಝೆರಾಕ್ಸಿನವನು ಷಟರ್ ಎತ್ತುವುದೇ ನಮ್ಮ ಚಾ ಕುಡಿದು.” ಹೊಸ ಹುಡುಗ ಊರಿಂದ ಬರುವವರೆಗೆ ಒಂದು ವಾರ ಮಾವನೇ ಕೆಟ್ಲಿ ಹಿಡಿದರು, ಅರ್ಧ ಗಂಟೆ ಗಲ್ಲಾಕ್ಕೆ ನಾನು.

ಮಸಾಲೆ ದೋಸೆಗೆ ಆಗ 38 ರೂಪಾಯಿ, ಚಾಕ್ಕೆ 9. ಯುಪಿಐ ಬರುವ ಮೊದಲಿನ ಮಾತು. ಮೊದಲ ಗಿರಾಕಿ ಐನೂರರ ನೋಟು ಕೊಟ್ಟ. ನಾನು ಕೂಡಿಸಿ, ಕಳೆದು, ಎಣಿಸಿ, ಇನ್ನೊಮ್ಮೆ ಎಣಿಸಿ ಕೊಡುವಷ್ಟರಲ್ಲಿ ಅವನ ಹಿಂದೆ ಆರು ಜನ. ಚಿಲ್ಲರೆ ಡಬ್ಬಿಯ ಯಾವ ಖಾನೆಯಲ್ಲಿ ಎರಡರ ನಾಣ್ಯ, ಯಾವುದರಲ್ಲಿ ಒಂದರದ್ದು ಎಂದು ಮಾವನ ಬೆರಳಿಗೆ ಗೊತ್ತು, ನನ್ನ ಕಣ್ಣಿಗೂ ಗೊತ್ತಿಲ್ಲ. ಎರಡು ಮತ್ತು ಒಂದರ ಹೊಸ ನಾಣ್ಯಗಳೋ ನೋಡಲಿಕ್ಕೆ ಅವಳಿ ಜವಳಿ. ವಾಟಿ ಫಳಫಳ, ದೋಸೆ ಗರಿಗರಿ, ಸಪ್ಲಯರುಗಳು ಚುರುಕು. ಸಾಲು ಮಾತ್ರ ಗಲ್ಲಾದಿಂದ ಏಳನೇ ಮೇಜಿನವರೆಗೆ. ಒಬ್ಬರಂತೂ “ಅಣ್ಣಾ ಕಿಧರ್ ಗಯಾ?” ಎಂದು ಅಳುವ ದನಿಯಲ್ಲಿ ಕೇಳಿದರು. ಇಪ್ಪತ್ತು ವರ್ಷ ಕಂಡವರ ಕಾರ್ಖಾನೆಯ ಕುತ್ತಿಗೆ ಹುಡುಕಿದವನು ಆ ಅರ್ಧ ಗಂಟೆ ತಾನೇ ಕುತ್ತಿಗೆಯಾಗಿ ಕೂತಿದ್ದೆ. ಮಾವ ಖಾಲಿ ಕೆಟ್ಲಿಯೊಂದಿಗೆ ಬಂದು, ನನ್ನನ್ನು ಭುಜ ಹಿಡಿದು ಸರಿಸಿ, ನಾಲ್ಕು ನಿಮಿಷದಲ್ಲಿ ಸಾಲು ಕರಗಿಸಿದರು. “ನೀನು ಹೋಗಿ ತಿಂಡಿ ತಿನ್ನು” ಎಂದರು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ. ಮರುವಾರದಿಂದ ದೋಸೆಗೆ ನಲವತ್ತು, ಚಾಕ್ಕೆ ಹತ್ತು.

ಇನ್ನು ಮೂರನೇ ಮೇಜಿನ ವಾರಸುದಾರರು. ನಿವೃತ್ತರು ನಾಲ್ವರು. ಎಂಟಕ್ಕೆ ಬಂದರೆ ಒಂಬತ್ತೂಕಾಲಕ್ಕೆ ಏಳುವುದು. ನಾಲ್ಕು ಇಡ್ಲಿ, ಎರಡು ಚಾ, ಅದನ್ನೇ ನಾಲ್ಕು ಪಾಲು, ಒಂದು ‘ಕರ್ನಾಟಕ ಮಲ್ಲ’, ಅದನ್ನೂ ಪುಟ ಬಿಚ್ಚಿ ನಾಲ್ಕು ಪಾಲು. ನಿಧನವಾರ್ತೆಯ ಪುಟಕ್ಕೆ ಮಾತ್ರ ಜಗಳ. ಲಿಟ್ಲ್ ಸಾಹೇಬರ ನಿಯಮದ ಪ್ರಕಾರ ಈ ನಾಲ್ಕು ಕುರ್ಚಿಯಿಂದ ದಿನಕ್ಕೆ ಎಷ್ಟು ನಷ್ಟವೆಂದು ನಾನು ಹೇಳಿದೆ, ಚಿತ್ರ ಬರೆದೂ ತೋರಿಸಿದೆ. ಮಾವ ಚಿತ್ರ ನೋಡಿದರು. “ಗಿಂಡಿಯ ಮೂತಿ ಒಡೆದರೆ ನೀರು ಬೇಗ ಬರುತ್ತದೆ, ಹೌದು. ಮತ್ತೆ ಅದನ್ನು ಗಿಂಡಿ ಅಂತ ಯಾರು ಹೇಳುತ್ತಾರೆ?” ಎಂದು ಅವರ ಮೇಜಿಗೆ ಇನ್ನೊಂದು ಲೋಟ ನೀರು ಕಳಿಸಿದರು. ಆ ನಾಲ್ವರಲ್ಲಿ ಒಬ್ಬರು ರಾತ್ರಿ ಶಾಲೆಯಲ್ಲಿ ಮಾವನ ಪಕ್ಕದ ಬೆಂಚಿನವರೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಈಗ ಗಲ್ಲಾದ ಮೇಲೆ ಕ್ಯೂಆರ್ ಹಲಗೆ, ದುಡ್ಡು ಬಂತೆಂದು ಕೂಗುವ ಡಬ್ಬಿ. ಚಿಲ್ಲರೆಯ ಕಾಟ ತಪ್ಪಿತು. ಆದರೆ ಒಳಗೆ ನೆಟ್‌ವರ್ಕ್ ಸಿಗುವುದು ಬಾಗಿಲ ಬಳಿ ಒಂದೇ ಕಡೆ. ಎಲ್ಲರೂ ಅಲ್ಲಿಗೇ ಹೋಗಿ ಮೊಬೈಲು ಎತ್ತಿ ಹಿಡಿದು ನಿಲ್ಲುವುದರಿಂದ ಬರುವವರು ಬರುವಂತಿಲ್ಲ. ನಾನು ಇದನ್ನು ಗಮನಿಸಿದ್ದೇನೆ. ಬಾಯಿ ಬಿಟ್ಟಿಲ್ಲ.

ಮೊನ್ನೆ ಬೆಳಿಗ್ಗೆ ಅಲ್ಲೇ ಇಡ್ಲಿ ತಿನ್ನುತ್ತ ಕೂತಿದ್ದೆ. ಸರಿಯಾಗಿ ಎಂಟೂವರೆಗೆ ಮಾವ, ಈಗ ಎಂಬತ್ತರ ಹತ್ತಿರದವರು, ಗಲ್ಲಾದ ಹಿಂದಿನ ಸ್ವಿಚ್ ಒತ್ತಿದರು. ಎಕ್ಸಾಸ್ಟ್ ಫ್ಯಾನು ಗೊರಗೊರ ಎಂದು ನಿಂತಿತು. ಗೋಡೆಯ ಕೃಷ್ಣ ಸ್ಥಿರನಾದ. ಕಾವಲಿಯ ಹೊಗೆ ನಿಧಾನ ಮೇಜುಗಳ ಮೇಲೆ ಇಳಿಯಿತು. ಯಾರೋ ಕೆಮ್ಮಿದರು, ಮೂರನೇ ಮೇಜಿನವರು ಪತ್ರಿಕೆಯಿಂದ ಗಾಳಿ ಬೀಸಿಕೊಂಡರು, ಹೊಸ ಗಿರಾಕಿಯೊಬ್ಬ “ಲೈಟ್ ಗಯಾ ಕ್ಯಾ?” ಎಂದು ದೀಪದತ್ತ ನೋಡಿದ. ಮಾವ ಕಣ್ಣು ಮುಚ್ಚಿ, ತಲೆ ಸ್ವಲ್ಪ ಎಡಕ್ಕೆ ವಾಲಿಸಿದ್ದರು. ಒಳಗಿನಿಂದ ವಾಟಿಗೆ ವಾಟಿ ತಾಗುವ ಸದ್ದು ಬರುತ್ತಿತ್ತು.

“ಹಾಂ” ಎಂದು ಸ್ವಿಚ್ ಹಾಕಿದರು.